ಕಡಲನ್ನು ಮೈಸೂರಿಗೆ ತಂದ ಚಿತ್ರಕಾರ: ರಾಜಾ ರವಿವರ್ಮ

ಭಾರತೀಯ ಚಿತ್ರಕಲೆಯ ಇತಿಹಾಸದಲ್ಲಿ ರಾಜಾ ರವಿವರ್ಮರ ಹೆಸರು ಚಿರಸ್ಥಾಯಿಯಾದುದು. ಅವರ ಲಕ್ಷ್ಮಿ, ಸರಸ್ವತಿಯರ ಚಿತ್ರಗಳನ್ನು ಕಾಣದ ಮನೆಗಳು ನಮ್ಮ ನಾಡಿನಲ್ಲಿ ವಿರಳ. ಆದರೆ ಆ ಮಹನೀಯರ ಜೀವನವೃತ್ತಾಂತವನ್ನು ಅರಿತವರ ಸಂಖ್ಯೆ ಅಷ್ಟು ದೊಡ್ಡದಲ್ಲ. ತೈಲವರ್ಣವೆಂಬ ವಿದ್ಯೆಯನ್ನು ಅವರು ಎಷ್ಟು ಕಷ್ಟದಿಂದ ಸಂಪಾದಿಸಿದರು, ಸಂಪಾದಿಸಿದುದನ್ನು ಎಷ್ಟು ಧಾರಾಳವಾಗಿ ಜನತೆಗೆ ಹಂಚಿದರು, ಬಾಳಿನ ಸಂಜೆಯಲ್ಲಿ ಆ ವಿದ್ಯೆಯಿಂದಲೇ ಕಡಲೊಂದನ್ನು ನಿರ್ಮಿಸಿ ಮೈಸೂರಿಗೆ ಹೇಗೆ ಒಪ್ಪಿಸಿದರು ಎಂಬುದನ್ನು ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ನಮ್ಮ ಬಂಗಾರಪೇಟೆ, ಕೆ.ಜಿ.ಎಫ್. ಪ್ರದೇಶ ಕಡಲನ್ನು ಕಂಡರಿಯದ ಬಯಲುನಾಡು. ಕೆರೆಗಳೂ ಬಂಡೆಗುಡ್ಡಗಳೂ ರಾಗಿಯ ಹೊಲಗಳೂ ಇಲ್ಲಿನ ದೃಶ್ಯ. ನಾವಿರುವ ನೆಲ ಸಮುದ್ರಮಟ್ಟದಿಂದ 800 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. 2001ರಲ್ಲಿ ಮುಚ್ಚಿದ ನಮ್ಮ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಎಂದರೆ ಸಮುದ್ರವನ್ನು ಒಮ್ಮೆಯೂ ನೋಡದ ಎಷ್ಟೋ ಮಂದಿ ಕಾರ್ಮಿಕರು ಸಮುದ್ರಮಟ್ಟಕ್ಕಿಂತ 2 ಕಿಲೋಮೀಟರು ಕೆಳಗೆ ದುಡಿದು ಬಂದಿದ್ದಾರೆ. ಇಂಥ ನಾಡಿನ ವಿದ್ಯಾರ್ಥಿಗೆ ಕಡಲು ಮೊದಲು ಪರಿಚಯವಾಗುವುದು ಕಾವ್ಯದಿಂದ, ಅನಂತರ ಚಿತ್ರದಿಂದ. ಅಂಥ ಚಿತ್ರವನ್ನು ಕನ್ನಡನಾಡಿಗೆ ಕೊಟ್ಟವರಲ್ಲಿ ರವಿವರ್ಮರು ಅಗ್ರಗಣ್ಯರು.

ಜನನ ಮತ್ತು ಬಾಲ್ಯ

ರವಿವರ್ಮರು 1848ನೆಯ ಇಸವಿ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದರು. ತಾಯಿ ಉಮಯಾಂಬಾ ತಂಬುರಾಟ್ಟಿ ಕವಯಿತ್ರಿ. ತಂದೆ ನೀಲಕಂಠನ್ ಭಟ್ಟತಿರಿಪಾಡ್ ವಿದ್ವಾಂಸರು. ತಿರುವಾಂಕೂರಿನ ರಾಜವಂಶದೊಡನೆ ವೈವಾಹಿಕ ಸಂಬಂಧವನ್ನು ಹೊಂದಿದ್ದ ಕಿಳಿಮಾನೂರಿನ ಮನೆತನದಲ್ಲಿ ಸಂಗೀತ, ಕಥಕಳಿ, ಸಂಸ್ಕೃತ ಪಾಂಡಿತ್ಯಗಳು ದಿನನಿತ್ಯದ ಮಾತಾಗಿದ್ದವು. ಸೋದರಮಾವ ರಾಜರಾಜವರ್ಮರು ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದರು. ಬಾಲಕ ರವಿವರ್ಮನು ಮನೆಯ ಗೋಡೆಗಳ ಮೇಲೆ ಇದ್ದಿಲಿನಿಂದ ಚಿತ್ರ ಬರೆಯತೊಡಗಿದಾಗ ಗದರಿಸದೆ, ಅವನ ಕೈಹಿಡಿದು ತಿದ್ದಿದವರು ಈ ಮಾವನೇ. ರವಿವರ್ಮರ ತಮ್ಮ ರಾಜರಾಜವರ್ಮರೂ ತಂಗಿ ಮಂಗಳಾಬಾಯಿಯವರೂ ಮುಂದೆ ಚಿತ್ರಕಾರರಾದರೆಂಬುದನ್ನು ಗಮನಿಸಿದರೆ ಆ ಮನೆಯ ವಾತಾವರಣ ಎಂಥದೆಂಬುದು ತಿಳಿಯುತ್ತದೆ.

1862ರಲ್ಲಿ, ತನ್ನ 14ನೆಯ ವಯಸ್ಸಿನಲ್ಲಿ, ಬಾಲಕನು ಮಾವನೊಡನೆ ತಿರುವನಂತಪುರಕ್ಕೆ ಬಂದನು. ಕಲಾಭಿಮಾನಿಯಾಗಿದ್ದ ಮಹಾರಾಜ ಆಯಿಲ್ಯಂ ತಿರುನಾಳರು ಅವನ ಕೈಚಳಕವನ್ನು ಮೆಚ್ಚಿ, ಅರಮನೆಯ ಚಿತ್ರಗಳನ್ನು ನೋಡಿ ಕಲಿಯಲು ಅವಕಾಶವಿತ್ತರು. ಅರಬ್ಬೀ ಸಮುದ್ರದ ತೀರದಲ್ಲಿರುವ ಆ ರಾಜಧಾನಿಯಲ್ಲಿ ಕಡಲು ಅವನಿಗೆ ನಿತ್ಯದ ನೆರೆಯಾಯಿತು.

ಬಚ್ಚಿಟ್ಟ ವಿದ್ಯೆ

ತೈಲವರ್ಣವು ಆಗ ದಕ್ಷಿಣ ಭಾರತಕ್ಕೆ ಹೊಸದು. ನಮ್ಮ ಪರಂಪರೆಯ ಚಿತ್ರಕಾರರು ಖನಿಜ ಮತ್ತು ಸಸ್ಯಮೂಲದ ಬಣ್ಣಗಳನ್ನು ಅಂಟಿನ ನೀರಿನಲ್ಲಿ ಕಲಸಿ ಬಳಸುತ್ತಿದ್ದರು. ಅವು ಬೇಗ ಒಣಗುತ್ತವೆ. ಒಂದು ಬಣ್ಣವನ್ನು ಇನ್ನೊಂದರೊಳಗೆ ಕರಗಿಸಲು ಕಾಲಾವಕಾಶವಿಲ್ಲ. ತೈಲವರ್ಣದಲ್ಲಾದರೋ ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು, ಟರ್ಪೆಂಟೈನಿನಿಂದ ತೆಳುಗೊಳಿಸಿ, ಹದಮಾಡಿದ ಕ್ಯಾನ್ವಾಸಿನ ಮೇಲೆ ಹಚ್ಚಲಾಗುತ್ತದೆ. ಅದು ಒಣಗಲು ದಿನಗಳೇ ಬೇಕು. ಆ ನಿಧಾನದಲ್ಲಿಯೇ ಅದರ ಶಕ್ತಿ ಅಡಗಿದೆ. ನೆರಳಿನಿಂದ ಬೆಳಕಿಗೆ, ನೀಲಿಯಿಂದ ಹಸಿರಿಗೆ ಸಂದು ಕಾಣದಂತೆ ಬಣ್ಣವನ್ನು ಹರಿಸಬಹುದು. ಒಣಗಿದ ಪದರದ ಮೇಲೆ ಪಾರದರ್ಶಕವಾದ ಮತ್ತೊಂದು ಪದರವನ್ನು ಹರಡಬಹುದು. ಕೊನೆಗೆ ದಪ್ಪ ಬಿಳಿಯನ್ನು ಮೆತ್ತಿ ಹೊಳಪನ್ನು ಎತ್ತಿ ತೋರಬಹುದು.

ಕಡಲಿನ ಚಿತ್ರಕ್ಕೆ ಈ ಮಾಧ್ಯಮವು ಹೇಳಿ ಮಾಡಿಸಿದಂತಿದೆ. ಕಡಲಿನ ನೀರಿನ ಬಣ್ಣ ಸದಾ ಒಂದೇ ಅಲ್ಲ. ಆಕಾಶದ ಬಣ್ಣವೂ ತಳದ ಆಳವೂ ಗಾಳಿಯ ವೇಗವೂ ಸೇರಿ ಅದರ ಬಣ್ಣವನ್ನು ನಿರ್ಧರಿಸುತ್ತವೆ. ಅಲೆಯ ಬುಡ ಕಪ್ಪಾಗಿದ್ದರೆ ಅದರ ತೆಳುವಾದ ತುದಿಯಲ್ಲಿ ಬೆಳಕು ಹಾಯ್ದು ಹಸಿರು ಮಿನುಗುತ್ತದೆ. ಅದರ ಮೇಲೆ ನೊರೆ ಒಡೆಯುತ್ತದೆ. ಬುಡಕ್ಕೆ ಗಾಢವಾದ ಮೊದಲ ಪದರ, ತುದಿಗೆ ಪಾರದರ್ಶಕ ಲೇಪ, ನೊರೆಗೆ ದಪ್ಪ ಬಿಳಿ: ಹೀಗೆ ತೈಲವರ್ಣದ ಒಂದೊಂದು ಗುಣವೂ ಕಡಲಿನ ಒಂದೊಂದು ಲಕ್ಷಣಕ್ಕೆ ಒದಗಿ ಬರುತ್ತದೆ.

ಆದರೆ ಈ ವಿದ್ಯೆಯನ್ನು ಹೇಳಿಕೊಡುವವರು ಯಾರು? ತಿರುವನಂತಪುರದ ಆಸ್ಥಾನದಲ್ಲಿ ತೈಲವರ್ಣವನ್ನು ಬಲ್ಲ ರಾಮಸ್ವಾಮಿ ನಾಯಕರ್ ಎಂಬ ಚಿತ್ರಕಾರರಿದ್ದರು. ಈ ಹುಡುಗ ನಾಳೆ ತಮಗೇ ಪ್ರತಿಸ್ಪರ್ಧಿಯಾದಾನೆಂದು ಶಂಕಿಸಿ ಅವರು ಕಲಿಸಲು ಒಪ್ಪಲಿಲ್ಲ. ಅವರ ಶಿಷ್ಯರಾದ ಆರುಮುಗಂ ಪಿಳ್ಳೆಯವರು ಮಾತ್ರ ಗುರುವಿಗೆ ತಿಳಿಯದಂತೆ ರಾತ್ರಿ ವೇಳೆಯಲ್ಲಿ ಬಂದು ತಮಗೆ ತಿಳಿದಷ್ಟನ್ನು ತಿಳಿಸಿಕೊಟ್ಟರೆಂದು ಚರಿತ್ರಕಾರರು ಹೇಳುತ್ತಾರೆ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರರು ಮಹಾರಾಜರ ಭಾವಚಿತ್ರವನ್ನು ಬರೆಯಲು ಬಂದರು. ಅವರೂ ಬೋಧಿಸಲು ಸಮ್ಮತಿಸಲಿಲ್ಲ. ಮಹಾರಾಜರ ಅಪೇಕ್ಷೆಯ ಮೇರೆಗೆ, ತಾವು ಕೆಲಸ ಮಾಡುವಾಗ ಯುವಕನು ನಿಂತು ನೋಡಬಹುದೆಂದಷ್ಟೇ ಒಪ್ಪಿದರು. 20 ವರ್ಷದ ರವಿವರ್ಮರು ಮೌನವಾಗಿ ನಿಂತು ನೋಡಿದರು. ಯಾವ ಬಣ್ಣಕ್ಕೆ ಯಾವುದು ಬೆರೆಯಿತು, ಯಾವ ಪದರದ ಮೇಲೆ ಯಾವುದು ಬಂದಿತು ಎಂಬುದನ್ನು ಕಣ್ಣಿನಲ್ಲಿ ತುಂಬಿಕೊಂಡು, ತಮ್ಮ ಕೊಠಡಿಯಲ್ಲಿ ಮತ್ತೆ ಮತ್ತೆ ಪ್ರಯೋಗಿಸಿದರು. ಬಣ್ಣ ಕೆಟ್ಟಿತು, ಒಡೆಯಿತು, ಮಂಕಾಯಿತು, ಅವರು ಬಿಡಲಿಲ್ಲ. ಗುರುಮುಖೇನ ದೊರೆಯಬೇಕಾದ ವಿದ್ಯೆಯನ್ನು ಅವರು ಸೋಲುಗಳ ಮುಖೇನ ಪಡೆದರು.

ಕೊಲ್ಲೂರಿನ ಯಾತ್ರೆ

ಚಿತ್ರಕಲೆಯನ್ನು ಜೀವನವೃತ್ತಿಯನ್ನಾಗಿ ಸ್ವೀಕರಿಸುವ ಮುನ್ನ, 1870ರ ಸುಮಾರಿಗೆ, ರವಿವರ್ಮರು ನಮ್ಮ ಕನ್ನಡ ಕರಾವಳಿಯ ಕೊಲ್ಲೂರಿಗೆ ಯಾತ್ರೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತನಿಷ್ಠರಾಗಿ ಕೆಲಕಾಲ ಇದ್ದರು. ಆಗಿನ ಕಾಲದಲ್ಲಿ ಕುಲೀನ ಮನೆತನದವರು ಹಣಕ್ಕಾಗಿ ಚಿತ್ರ ಬರೆಯುವುದು ಗೌರವಕ್ಕೆ ಕುಂದೆಂದು ಭಾವಿಸಲಾಗುತ್ತಿತ್ತು. ಆ ಸಂಕೋಚವನ್ನು ಅವರು ಕೊಲ್ಲೂರಿನಲ್ಲಿಯೇ ಬಿಟ್ಟು ಹೊರಟರೆನ್ನಬಹುದು. ಹಿಂದಿರುಗುವಾಗ ಕಲ್ಲಿಕೋಟೆಯಲ್ಲಿ ನ್ಯಾಯಾಧೀಶರಾಗಿದ್ದ ಕಿಳಕ್ಕೆ ಪಾಲಾಟ್ ಕೃಷ್ಣ ಮೆನನ್ನರ ಕುಟುಂಬದ ಚಿತ್ರವನ್ನು ಬರೆದುಕೊಟ್ಟು ಮೊದಲ ಸಂಭಾವನೆಯನ್ನು ಪಡೆದರು. ದುಡಿದು ಉಣ್ಣುವುದರಲ್ಲಿ ಅಗೌರವವಿಲ್ಲವೆಂಬ ನಂಬಿಕೆ ಅವರ ಬಾಳಿನುದ್ದಕ್ಕೂ ಉಳಿದು ಬಂದಿತು.

1873ರಲ್ಲಿ, ಮುಡಿಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಮಹಿಳೆಯ ಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ದೊರೆಯಿತು. ಅದೇ ವರ್ಷ ವಿಯೆನ್ನಾ ನಗರದ ಪ್ರದರ್ಶನದಲ್ಲಿಯೂ ಅದು ಪುರಸ್ಕೃತವಾಯಿತು. 1876ರಲ್ಲಿ ಶಕುಂತಲೆಯ ಪ್ರೇಮಪತ್ರದ ಚಿತ್ರವನ್ನು ಮದರಾಸಿನ ಗವರ್ನರರಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕರು ಕೊಂಡುಕೊಂಡರು. ಕಲಿಸಲಾರೆವೆಂದವರ ನಾಡಿನಲ್ಲಿಯೇ ರವಿವರ್ಮರು ತೈಲವರ್ಣದ ಪ್ರಥಮ ಪಂಕ್ತಿಯ ಆಚಾರ್ಯರೆನಿಸಿದರು.

ಮೈಸೂರಿನ ಆಹ್ವಾನ

1885ರಲ್ಲಿ ಮೈಸೂರಿನ ಮಹಾರಾಜ ಶ್ರೀ ಚಾಮರಾಜೇಂದ್ರ ಒಡೆಯರು ರವಿವರ್ಮರನ್ನು ಆಹ್ವಾನಿಸಿ ರಾಜಪರಿವಾರದ ಭಾವಚಿತ್ರಗಳನ್ನು ಬರೆಸಿದರು. ಆ ಕಾಲಕ್ಕೆ ರೈಲುಮಾರ್ಗವು ಮೈಸೂರನ್ನು ಮುಟ್ಟಿತ್ತು. ಮದರಾಸಿನ ಕಡೆಯಿಂದಾಗಲೀ ಮಲಬಾರಿನ ಕಡೆಯಿಂದಾಗಲೀ ಬೆಂಗಳೂರಿಗೆ ಬರುವ ರೈಲು ಜೋಲಾರಪೇಟೆಯಲ್ಲಿ ತಿರುಗಿ ನಮ್ಮ ಬಂಗಾರಪೇಟೆಯ ಮೂಲಕವೇ ಸಾಗಬೇಕಾಗಿತ್ತು. 1864ರಲ್ಲಿ ತೆರೆದ ಆ ಮಾರ್ಗದ ಈ ನಿಲ್ದಾಣಕ್ಕೆ ಮೈಸೂರಿನ ಕಮಿಷನರರಾಗಿದ್ದ ಬೌರಿಂಗರ ನೆನಪಿಗಾಗಿ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಅದೇ 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಚಿನ್ನದ ಅದಿರನ್ನು ಅಗೆದು ತೆಗೆಯುತ್ತಿದ್ದರು.

ಚಿನ್ನದ ಮಾತು ಬಂದಾಗ ತೈಲವರ್ಣದ ಒಂದು ವೈಶಿಷ್ಟ್ಯವನ್ನು ಇಲ್ಲಿ ಹೇಳಲೇಬೇಕು. ಮೈಸೂರು ಮತ್ತು ತಂಜಾವೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲಿ ಆಭರಣಗಳಿಗೆ ನಿಜವಾದ ಚಿನ್ನದ ರೇಕನ್ನೇ ಅಂಟಿಸುತ್ತಾರೆ. ರವಿವರ್ಮರ ತೈಲಚಿತ್ರಗಳಲ್ಲಿ ಮೈತುಂಬ ಒಡವೆ ತೊಟ್ಟ ರಾಣಿಯರಿದ್ದಾರೆ. ಆ ಒಡವೆಗಳೆಲ್ಲ ಬರಿಯ ಹಳದಿ ಮಣ್ಣು, ಕಂದು ಮತ್ತು ಬಿಳಿಯ ಬಣ್ಣಗಳ ಆಟ. ಚಿನ್ನವನ್ನು ಹಚ್ಚದೆ ಚಿನ್ನದ ಮೇಲೆ ಬಿದ್ದ ಬೆಳಕನ್ನು ಹಚ್ಚುವುದು ಅವರ ವಿಧಾನ. ಇದೇ ವಿಧಾನವು ಮುಂದೆ ಅವರಿಗೆ ನೀರಿನ ಮೇಲಣ ಬೆಳಕನ್ನು ಹಿಡಿಯುವಲ್ಲಿ ನೆರವಾಯಿತು. ಮೈಸೂರಿಗಾಗಿ 1889ರಲ್ಲಿ ಬರೆದ, ಭಾರತದ ನಾನಾ ಪ್ರಾಂತಗಳ 11 ಮಂದಿ ಸ್ತ್ರೀಯರು ವಾದ್ಯಗಳೊಡನೆ ಕೂಡಿರುವ ಚಿತ್ರದಲ್ಲಿ ಒಡವೆ, ಜರತಾರಿ, ರೇಷ್ಮೆಗಳ ಹೊಳಪನ್ನು ಈ ರೀತಿಯಾಗಿ ಸಾಧಿಸಿರುವುದನ್ನು ಕಾಣಬಹುದು.

ಹಂಚಿದ ವಿದ್ಯೆ

ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1888ರಲ್ಲಿ 14 ಪೌರಾಣಿಕ ಚಿತ್ರಗಳನ್ನು ಬರೆದುಕೊಡುವಂತೆ ಕೋರಿದರು. ರವಿವರ್ಮರು ತಮ್ಮನೊಡನೆ ಉತ್ತರ ಭಾರತದಲ್ಲಿ ಸಂಚರಿಸಿ, ವೇಷಭೂಷಣಗಳನ್ನು ಪರಿಶೀಲಿಸಿ ಆ ಕಾರ್ಯವನ್ನು ಪೂರೈಸಿದರು. 1893ರಲ್ಲಿ ಅಮೆರಿಕದ ಚಿಕಾಗೋ ನಗರದ ವಿಶ್ವಪ್ರದರ್ಶನಕ್ಕೆ ಹೋದ ಅವರ 10 ಚಿತ್ರಗಳಿಗೆ ಪದಕಗಳು ಸಂದವು.

ಆದರೆ ಅರಮನೆಯ ಗೋಡೆಯನ್ನು ಸೇರಿದ ಚಿತ್ರವನ್ನು ಕಾಣುವ ಭಾಗ್ಯ ಎಷ್ಟು ಜನಕ್ಕೆ ಉಂಟು? ತಿರುವಾಂಕೂರಿನಲ್ಲಿಯೂ ಬರೋಡೆಯಲ್ಲಿಯೂ ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಹಿಂದೆಯೇ ಒಂದು ಸಲಹೆಯನ್ನಿತ್ತಿದ್ದರು: ಚಿತ್ರಗಳನ್ನು ಅಚ್ಚುಮಾಡಿಸಿ ಸುಲಭಬೆಲೆಗೆ ಜನರಿಗೆ ತಲುಪಿಸಬೇಕೆಂಬುದು ಅದರ ಸಾರ. ಅದನ್ನು ಮನಸ್ಸಿನಲ್ಲಿಟ್ಟು ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ತಮ್ಮದೇ ಮುದ್ರಣಾಲಯವನ್ನು ಸ್ಥಾಪಿಸಿದರು. ಜರ್ಮನಿಯಿಂದ ಯಂತ್ರಗಳೂ ತಂತ್ರಜ್ಞರೂ ಬಂದರು. ಒಂದು ಚಿತ್ರಕ್ಕೆ ಹಲವಾರು ಕಲ್ಲಚ್ಚುಗಳು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕೊನೆಗೆ ತೈಲಚಿತ್ರದಂತೆಯೇ ಹೊಳೆಯುವ ಮೆರುಗೆಣ್ಣೆಯ ಲೇಪ. ಹೀಗೆ ಸಿದ್ಧವಾದ ದೇವದೇವಿಯರ ಚಿತ್ರಗಳು ಹಳ್ಳಿಹಳ್ಳಿಗಳನ್ನು ಸೇರಿದವು. ದೇವಾಲಯದ ಗರ್ಭಗುಡಿಗೆ ಪ್ರವೇಶವಿಲ್ಲದಿದ್ದ ಜನರ ಮನೆಯ ಗೋಡೆಗೂ ದೇವರ ರೂಪವು ಬಂದಿತು. ಇದರ ಸಾಮಾಜಿಕ ಮಹತ್ತ್ವ ಸಾಮಾನ್ಯವಾದುದಲ್ಲ.

ಈ ಸಾಹಸವು ರವಿವರ್ಮರಿಗೆ ಕೀರ್ತಿಯನ್ನು ತಂದಿತೇ ಹೊರತು ಸಂಪತ್ತನ್ನು ತರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು, ಕೆಲಸಗಾರರು ಚದುರಿದರು, ಸಾಲ ಬೆಳೆಯಿತು. ಮುದ್ರಣಾಲಯವು ಲೋನಾವಳದ ಸಮೀಪದ ಮಳವಳಿಗೆ ಸ್ಥಳಾಂತರಗೊಂಡರೂ ಚೇತರಿಸಿಕೊಳ್ಳಲಿಲ್ಲ. ಕೊನೆಗೆ 20ನೆಯ ಶತಮಾನದ ಆರಂಭದಲ್ಲಿ ಅದನ್ನು ಜರ್ಮನ್ ತಂತ್ರಜ್ಞರಾದ ಫ್ರಿಟ್ಸ್ ಷ್ಲೈಖರರಿಗೆ ಮಾರಬೇಕಾಯಿತು. ಆದರೂ ಅಚ್ಚು ನಿಲ್ಲಲಿಲ್ಲ. 1972ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೂ ಆ ಸಂಸ್ಥೆ ಉಳಿದಿತ್ತು. ತಮಗೆ ಮುಚ್ಚಿದ್ದ ಬಾಗಿಲನ್ನು ಇತರರಿಗೆ ತೆರೆದಿಟ್ಟವರು ನಷ್ಟವನ್ನು ಅನುಭವಿಸಿದರು; ಲಾಭವನ್ನು ಪಡೆದದ್ದು ನಾಡು.

ತಮ್ಮನ ಆಸರೆ

ರವಿವರ್ಮರ ಚರಿತ್ರೆಯಲ್ಲಿ ಅವರ ತಮ್ಮ ರಾಜರಾಜವರ್ಮರನ್ನು ಮರೆಯುವಂತಿಲ್ಲ. 1860ರಲ್ಲಿ ಜನಿಸಿದ ಇವರು ಅಣ್ಣನಿಗೆ ಕಾರ್ಯದರ್ಶಿ, ಸಹಕಾರಿ, ಸಹಪ್ರಯಾಣಿಕ ಎಲ್ಲವೂ ಆಗಿದ್ದರು. ಇಂಗ್ಲಿಷಿನಲ್ಲಿ ಅವರು ಬರೆದಿಟ್ಟ ದಿನಚರಿಯು 2005ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿದ್ದು, ಸೋದರರ ದುಡಿಮೆಯ ವಿವರಗಳನ್ನು ಒದಗಿಸುತ್ತದೆ. ರಾಜರಾಜವರ್ಮರ ಒಲವು ಮನುಷ್ಯಾಕೃತಿಗಿಂತ ಮಿಗಿಲಾಗಿ ನಿಸರ್ಗದೃಶ್ಯದ ಕಡೆಗೆ. ಬೆಟ್ಟ, ನೀರು, ಆಕಾಶಗಳನ್ನು ತೈಲವರ್ಣದಲ್ಲಿ ಚಿತ್ರಿಸುವುದರಲ್ಲಿ ಅವರು ನಿಪುಣರು. ಅಣ್ಣನ ಅನೇಕ ಚಿತ್ರಗಳಲ್ಲಿ ಹಿನ್ನೆಲೆಯ ದೃಶ್ಯಗಳು ತಮ್ಮನ ಕೈವಾಡವೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಮುಂದೆ ನಿಂತ ವ್ಯಕ್ತಿ ಅಣ್ಣನದು, ಹಿಂದೆ ಹರಡಿದ ಜಗತ್ತು ತಮ್ಮನದು ಎಂಬಂತಿತ್ತು ಅವರ ಸಹಯೋಗ. 1905ರಲ್ಲಿ ರಾಜರಾಜವರ್ಮರು ಅಕಾಲಿಕವಾಗಿ ನಿಧನರಾದಾಗ ರವಿವರ್ಮರ ಬಲಗೈ ಮುರಿದಂತಾಯಿತು. ಮಧುಮೇಹದಿಂದ ಅವರ ದೇಹವೂ ಆಗ ಶಿಥಿಲವಾಗಿತ್ತು.

ಕಡಲಿನ ಚಿತ್ರ

ಈ ದುಃಖದ ದಿನಗಳಲ್ಲಿ ಅವರ ಮುಂದೆ ಮೈಸೂರಿನ ಕಾರ್ಯವಿತ್ತು. 1897ರಲ್ಲಿ ಮೈಸೂರಿನ ಹಳೆಯ ಅರಮನೆ ಸುಟ್ಟುಹೋಗಿ ಹೊಸ ಅರಮನೆ ಏಳುತ್ತಿದ್ದ ಕಾಲವದು. ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣ ಪ್ರಸಂಗಗಳ 9 ಚಿತ್ರಗಳನ್ನು ಅಪೇಕ್ಷಿಸಿದ್ದರು. ಕೌರವರ ಸಭೆಯಲ್ಲಿ ರಾಯಭಾರಿಯಾದ ಕೃಷ್ಣನ ಚಿತ್ರ ಈ ಕಾಲದ್ದು. ಅಂತೆಯೇ ಸಮುದ್ರರಾಜನ ಗರ್ವವನ್ನು ಅಡಗಿಸುವ ಶ್ರೀರಾಮನ ಚಿತ್ರವೂ ಈ ಕಾಲದ್ದೇ.

ರಾಮಾಯಣದ ಆ ಪ್ರಸಂಗವನ್ನು ಎಲ್ಲರೂ ಬಲ್ಲರು. ಲಂಕೆಗೆ ದಾರಿ ಕೊಡೆಂದು ರಾಮನು ದಡದಲ್ಲಿ ದರ್ಭೆಯ ಮೇಲೆ ಮಲಗಿ ಮೂರು ರಾತ್ರಿ ಪ್ರಾರ್ಥಿಸಿದನು. ಕಡಲು ಮಾತಾಡಲಿಲ್ಲ. ಆಗ ಅವನು ಬಿಲ್ಲನ್ನೆತ್ತಿದನು. ರವಿವರ್ಮರು ಆರಿಸಿಕೊಂಡದ್ದು ಈ ಕ್ಷಣವನ್ನು. ಬಂಡೆಯ ಮೇಲೆ ನಿಂತ ರಾಮ, ಬಾಗಿದ ಬಿಲ್ಲು, ಕವಿದ ಕಾರ್ಮೋಡ, ಕೆರಳಿ ಏಳುವ ಅಲೆಗಳು, ಆ ಅಲೆಗಳ ನಡುವಿನಿಂದ ಪರಿವಾರ ಸಮೇತನಾಗಿ ಮೇಲೆದ್ದು ಬೇಡಿಕೊಳ್ಳುವ ವರುಣ. ಇತರ ಎಷ್ಟೋ ಚಿತ್ರಗಳಲ್ಲಿ ಪ್ರಕೃತಿಯು ಹಿನ್ನೆಲೆಯಾಗಿ ಹಿಂದೆ ಸರಿದು ನಿಂತರೆ, ಇಲ್ಲಿ ಕಡಲೇ ಕಥೆಯ ಎರಡನೆಯ ಪಾತ್ರವಾಗಿದೆ. ಗಾಢವಾದ ಬುಡ, ಬೆಳಕು ತೂರುವ ತುದಿ, ಸಿಡಿಯುವ ನೊರೆ: ತಾವೇ ಒಬ್ಬಂಟಿಯಾಗಿ ಕಲಿತ ತೈಲವರ್ಣದ ಸಮಸ್ತ ಶಕ್ತಿಯನ್ನೂ ಅವರು ಇಲ್ಲಿ ಧಾರೆಯೆರೆದಿದ್ದಾರೆ. ನಿಸರ್ಗವನ್ನು ಬರೆದುಕೊಡುವ ತಮ್ಮ ಇಲ್ಲವಾದ ಮೇಲೆ ಪೂರ್ತಿಗೊಂಡ ಚಿತ್ರವಿದು ಎಂಬುದನ್ನು ನೆನೆದಾಗ ಆ ಅಲೆಗಳ ಗಾಂಭೀರ್ಯ ಇನ್ನಷ್ಟು ಮನಮುಟ್ಟುತ್ತದೆ.

1906ರ ಅಕ್ಟೋಬರ್ 2ರಂದು, ತಮ್ಮ 58ನೆಯ ವಯಸ್ಸಿನಲ್ಲಿ, ರವಿವರ್ಮರು ಕಿಳಿಮಾನೂರಿನಲ್ಲಿ ದಿವಂಗತರಾದರು. ಈ ಕಡಲಿನ ಚಿತ್ರವು ಅವರ ಕೊನೆಯ ಕೃತಿಗಳಲ್ಲೊಂದು. ಮೈಸೂರಿನ ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯಲ್ಲಿ ಅದನ್ನು ಕಾಣಬಹುದು.

ವಿಮರ್ಶೆ ಮತ್ತು ಪ್ರಭಾವ

ರವಿವರ್ಮರನ್ನು ಎಲ್ಲರೂ ಏಕಕಂಠದಿಂದ ಹೊಗಳಿದರೆಂದಲ್ಲ. ಹ್ಯಾವೆಲ್, ಆನಂದ ಕುಮಾರಸ್ವಾಮಿ ಮೊದಲಾದವರು ಅವರ ಚಿತ್ರಗಳನ್ನು ಪಾಶ್ಚಾತ್ಯರ ಅನುಕರಣೆಯೆಂದೂ ನಾಟಕೀಯವೆಂದೂ ಆಕ್ಷೇಪಿಸಿದರು. ನಮ್ಮ ಕೆ. ವೆಂಕಟಪ್ಪನವರೇ 1909ರಲ್ಲಿ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು, ಬೇರೊಂದು ಹಾದಿಯನ್ನು ಹಿಡಿದು, ಉದಕಮಂಡಲದ ನಿಸರ್ಗವನ್ನು ಜಲವರ್ಣದಲ್ಲಿ ಅಮರಗೊಳಿಸಿದರು. ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ತೈಲವರ್ಣವು ಭಾರತೀಯನ ಕೈಗೆ ಒಗ್ಗದೆಂಬ ಭ್ರಮೆಯನ್ನು ಹರಿದವರು ರವಿವರ್ಮರೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯನ್ನು ತೈಲವರ್ಣದಲ್ಲಿ ಚಿತ್ರಿಸಿದವರು ನಮ್ಮ ನಾಡಿನ ಕಲಾವಿದರೇ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂದೆ ತಮ್ಮದೇ ಆಧುನಿಕ ಶೈಲಿಯಲ್ಲಿ ತೈಲವರ್ಣವನ್ನು ದುಡಿಸಿಕೊಂಡು ದೇಶವಿದೇಶಗಳಲ್ಲಿ ಖ್ಯಾತರಾದರು. 1979ರಲ್ಲಿ ಭಾರತ ಸರ್ಕಾರವು ರವಿವರ್ಮರ ಕೃತಿಗಳನ್ನು ರಾಷ್ಟ್ರೀಯ ಕಲಾಸಂಪತ್ತೆಂದು ಘೋಷಿಸಿತು.

ರವಿವರ್ಮರು ತೀರಿಕೊಂಡ 1906ರಲ್ಲಿಯೇ ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಶಿಕ್ಷಣ ಸಂಸ್ಥೆಯ ಕಟ್ಟಡಕ್ಕೆ ಶಂಕುಸ್ಥಾಪನೆಯಾಯಿತು. ಬಣ್ಣ ಕಲಸುವುದನ್ನು ಕಲಿಯಲು ಹುಡುಗನೊಬ್ಬ ರಾತ್ರಿಯ ಮರೆಯನ್ನು ಆಶ್ರಯಿಸಬೇಕಾಗಿದ್ದ ಕಾಲ ಕಳೆದು, ಅದನ್ನು ಹಗಲಿನಲ್ಲಿ, ತರಗತಿಯಲ್ಲಿ, ಎಲ್ಲರ ಮುಂದೆ ಕಲಿಸುವ ಕಾಲವು ಹೀಗೆ ನಮ್ಮ ನಾಡಿಗೆ ಬಂದಿತು.

ಉಪಸಂಹಾರ

ಈ ಚರಿತ್ರೆಯಲ್ಲಿ ಮೂರು ಬಗೆಯ ಗುರುಗಳು ಕಾಣಬರುತ್ತಾರೆ. ಬಲ್ಲವರಾಗಿಯೂ ಹೇಳಿಕೊಡದ ನಾಯಕರ್. ನೋಡಲು ಬಿಟ್ಟು ಬಾಯಿ ಬಿಡದ ಜೆನ್ಸನ್. ಬಲ್ಲುದು ಅಲ್ಪವಾದರೂ ರಾತ್ರಿ ಎದ್ದು ಬಂದು ಅದನ್ನೆಲ್ಲ ಕೊಟ್ಟ ಆರುಮುಗಂ ಪಿಳ್ಳೆ. ಮೊದಲ ಇಬ್ಬರು ನಿಪುಣರೇ ಇರಬಹುದು; ಕೃತಜ್ಞತೆಗೆ ಪಾತ್ರರಾಗುವವರು ಮೂರನೆಯವರು. ನಮ್ಮ ಶಾಲೆಗಳು ನಡೆಯುತ್ತಿರುವುದು ಇಂಥವರಿಂದಲೇ. ತಮಗೆ ತಿಳಿದುದನ್ನು ಮಿಗಿಸಿಟ್ಟುಕೊಳ್ಳದ ಉಪಾಧ್ಯಾಯರು, ತಾವು ಪಡೆದುದನ್ನು ಹಿಂದಿರುಗಿಸುವ ಹಳೆಯ ವಿದ್ಯಾರ್ಥಿಗಳು, ತಮ್ಮ ದುಡಿಮೆಯಲ್ಲೊಂದು ಪಾಲನ್ನು ಎತ್ತಿಡುವ ದಾನಿಗಳು ಇರುವಷ್ಟು ಕಾಲ ಯಾವ ಹುಡುಗನೂ ವಿದ್ಯೆಗಾಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲಬೇಕಾಗುವುದಿಲ್ಲ.

ಮೈಸೂರಿಗೆ ಪ್ರವಾಸ ಹೋಗುವ ನಮ್ಮ ವಿದ್ಯಾರ್ಥಿಗಳನ್ನು ಉಪಾಧ್ಯಾಯರು ಜಗನ್ಮೋಹನ ಅರಮನೆಗೂ ಕರೆದೊಯ್ಯಲಿ. ಶ್ರೀರಾಮನ ಬಿಲ್ಲಿನೆದುರು ಏಳುತ್ತಿರುವ ಆ ಕಡಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಲಿ. ಕೋಲಾರದ ಬಯಲಿನ ಮಕ್ಕಳಿಗೆ ಅದು ಅಲೆಗಳ ಪರಿಚಯವನ್ನು ಮಾಡಿಕೊಟ್ಟೀತು. ಹೇಳಿಕೊಡುವವರಿಲ್ಲದೆಯೂ ಛಲ ಬಿಡದೆ ಕಲಿತು, ಕಲಿತುದನ್ನು ಕೈಬಿಚ್ಚಿ ಕೊಟ್ಟ ಒಬ್ಬ ಮಹನೀಯರ ಪರಿಚಯವನ್ನೂ ಮಾಡಿಕೊಟ್ಟೀತು.